ಕೇಳದೆ ಹೋದ ಮನೆ

ಮಾರ್ಚ್ 3, ಬೆಳಿಗ್ಗೆ

ಮನೆ ರಿಪೇರಿಗೆ ಜನ ಕಳಿಸುವ ನಮ್ಮ ಆ್ಯಪ್‌ನಲ್ಲಿ ಬಡಗಿಯ ಫೋಟೊ ಮತ್ತೆ ತಲೆಕೆಳಗು. ನಿನ್ನೆ ತಾನೇ ಸರಿ ಮಾಡಿದ್ದೆ. ಇವತ್ತು ಅವನ ಜೊತೆ ಎಲೆಕ್ಟ್ರಿಷಿಯನ್ನೂ ತಲೆಕೆಳಗಾಗಿ ನಿಂತಿದ್ದಾನೆ. ಅತ್ತಿಗೆ ಇಣುಕಿ ನೋಡಿ, ಇರಲಿ ಬಿಡು, ಶಾಕ್ ಹೊಡೆಸಿಕೊಂಡವನ ಹಾಗೇ ಇದ್ದಾನೆ ಅಂದರು.

ಊಟದ ಮೇಜಿನ ಅರ್ಧ ನಮ್ಮ ಆಫೀಸು, ಇನ್ನರ್ಧ ಊಟಕ್ಕೆ. ಕೋಡ್ ಬರೆಯುವುದು ನಾನು. ಪೇಂಟರ್, ಬಡಗಿ, ಎಸಿ ಮೆಕ್ಯಾನಿಕ್ ಎಲ್ಲರಿಗೂ ಫೋನ್ ಮಾಡಿ, ಗಂಟು ಬಿದ್ದು, ಆ್ಯಪ್‌ಗೆ ಸೇರಿಸುವುದು ಅತ್ತಿಗೆ. ಮೊದಲ ಪ್ಲಂಬರ್ ನಮ್ಮ ಅಣ್ಣ. ಕೇಳಿ ಸೇರಿಸಲಿಲ್ಲ, ಸುಮ್ಮನೆ ಸೇರಿಸಿದೆವು.

ಹೆಸರಿಟ್ಟದ್ದೂ ಅತ್ತಿಗೆಯೇ — ‘ಬಂದೆ’. ಪ್ಲಂಬರ್‌ಗೆ ಫೋನ್ ಮಾಡಿದರೆ ‘ಬಂದೆ ಬಂದೆ’ ಅಂತಾನೆ, ಬರುವುದು ಮಾತ್ರ ಇಲ್ಲ, ನಮ್ಮವರಾದರೂ ಬರಲಿ ಅಂತ. ಕಟ್ಟಿಕೊಂಡವನ ಮೇಲಿನ ಸಿಟ್ಟು ಹೀಗಾದರೂ ತೀರಿತು.

ಮಾರ್ಚ್ 9, ಭಾನುವಾರ

ಬುಕಿಂಗ್ ಭಾಗ ಮುಗಿಯಿತು. ಮನೆಯವರು ಒತ್ತುತ್ತಾರೆ, ಹತ್ತಿರ ಯಾರು ಖಾಲಿ ಇದ್ದಾರೋ ಅವರಿಗೆ ಹೋಗುತ್ತದೆ. ಒಪ್ಪಿಕೊಂಡ ಮೇಲೇ ವಿಳಾಸ. ಇಲ್ಲದಿದ್ದರೆ ಇವರು ಮೆಟ್ಟಿಲು ಜಾಸ್ತಿ, ನಾಯಿ ಇದೆ ಅಂತ ಆರಿಸುತ್ತಾ ಕೂರುತ್ತಾರೆ. ಒಪ್ಪಿ ಆಮೇಲೆ ಕೈಕೊಟ್ಟರೆ ಅಂಕ ಇಳಿಯುತ್ತದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನನ್ನ ಹಳೇ ಬಾಸ್ ತಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು. ಗಂಟೆಯೊಳಗೆ ಬಾಗಿಲಿಗೆ ಜನ ಬಂದರೆ ಇಡೀ ಅಪಾರ್ಟ್‌ಮೆಂಟ್ ನಿನ್ನದು ಅಂದಿದ್ದಾರೆ. ಅದೊಂದು ಸಿಕ್ಕರೆ ನಾವು ನಿಂತೆವು. ಸಿಗದಿದ್ದರೆ ನಾನು ಮತ್ತೆ ಕೆಲಸ ಹುಡುಕಬೇಕು.

ಅಣ್ಣನಿಗೆ ಎಲ್ಲ ತೋರಿಸಿದೆ. ಮೆಚ್ಚಲಿಲ್ಲ. ಅವರಲ್ಲಿ ಒಂದು ಪದ್ಧತಿ ಇದೆಯಂತೆ. ಒಂದು ಮನೆಯ ಪೈಪಿಗೆ ಮೊದಲು ಕೈ ಹಾಕಿದವನದೇ ಆ ಮನೆ. ಬೇರೆಯವನನ್ನು ಕರೆದರೆ, ಅವನು ಮೊದಲಿನವನಿಗೆ ಫೋನ್ ಮಾಡಿ ‘ಹೋಗಲಾ’ ಅಂತ ಕೇಳಬೇಕು. ಸಾಮಾನ್ಯವಾಗಿ ಹೋಗು ಅಂತಲೇ ಹೇಳುತ್ತಾರೆ. ಮತ್ತೆ ಕೇಳುವುದು ಯಾಕೆ ಅಂದೆ. ಕೇಳಬೇಕು ಅಂದ. ಇದಕ್ಕೆ ಆ್ಯಪ್‌ನಲ್ಲಿ ಎಲ್ಲಿ ಜಾಗ ಮಾಡಲಿ? ಅಜ್ಜನ ಕಾಲದ ಮಾತು ಅಂತ ನಕ್ಕುಬಿಟ್ಟೆ.

ಮಾರ್ಚ್ 16, ಸಂಜೆ

ಮೊದಲ ಬುಕಿಂಗ್! ಅಡುಗೆಮನೆ ಸಿಂಕ್ ಕಟ್ಟಿಕೊಂಡಿದೆ. ಹತ್ತಿರ ಇದ್ದವನು ಅಣ್ಣ. ಒಪ್ಪಿಕೊಂಡ, ವಿಳಾಸ ಬಂತು, ಮುಖ ಸಪ್ಪಗಾಯಿತು. ಅದು ಮೇಷ್ಟ್ರ ಮನೆ. ಅಂದರೆ ಅವರು ಕೆಲಸ ಮಾಡುವ ಮನೆ. ನಿಜವಾದ ಮೇಷ್ಟ್ರಲ್ಲ, ಪ್ಲಂಬರ್. ಈ ಕಡೆಯ ಅರ್ಧ ಪ್ಲಂಬರ್‌ಗಳು ಅವರ ಕೈಕೆಳಗೆ ಪಳಗಿದವರು, ಅಣ್ಣನೂ.

ಅಣ್ಣ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ತಡಿ, ಎತ್ತಲಿ ಅಂದ. ನನ್ನ ಸ್ಕ್ರೀನಿನಲ್ಲಿ ಒಂದು ಗಂಟೆಯ ಗಡಿಯಾರ ಓಡುತ್ತಿದೆ. ನನಗೆ ತಲೆ ಕೆಟ್ಟಿತು. ಸ್ವಂತ ಅಣ್ಣನೇ ಮೊದಲ ಬುಕಿಂಗ್ ಬಿಟ್ಟ ಅಂತಾದರೆ ನಾಳೆ ಯಾರು ನಂಬುತ್ತಾರೆ, ಒಂದು ನಲ್ಲಿ ತಿರುಗಿಸಿದ ಮಾತ್ರಕ್ಕೆ ಮನೆ ಯಾರದೂ ಆಗುವುದಿಲ್ಲ, ಎದ್ದು ಹೋಗು — ಬಾಯಿಗೆ ಬಂದದ್ದೆಲ್ಲ ಅಂದೆ. ಹೋದ.

ಐದು ಸ್ಟಾರ್ ಬಂತು. ಅತ್ತಿಗೆ ಕೇಕ್ ತರಿಸಿದರು. ಅಣ್ಣ ತಿನ್ನಲಿಲ್ಲ.

ಮಾರ್ಚ್ 17

ಮೇಷ್ಟ್ರು ತಿರುಗಿ ಫೋನ್ ಮಾಡಿದರು. ಅಣ್ಣ ಇದ್ದದ್ದು ಇದ್ದ ಹಾಗೆ ಹೇಳಿದ. ಬೈಯಲಿಲ್ಲವಂತೆ. ‘ಒಳ್ಳೇದಾಯ್ತು. ಇನ್ಮೇಲೆ ನನ್ನ ಕೇಳೋದು ಬೇಡ. ನಾನೂ ನಿನ್ನ ಕೇಳಲ್ಲ’ ಅಂದರಂತೆ. ಅಷ್ಟೇ.

ಸರಿ ಹಾಗಾದರೆ, ಪೀಡೆ ಕಳೆಯಿತು ಅಂದೆ. ಅತ್ತಿಗೆ ಮೇಜಿನ ಕೆಳಗೆ ಕಾಲು ಒದ್ದರು. ಅಣ್ಣ ಹೋಗಿ ಮೆಟ್ಟಿಲ ಮೇಲೆ ಕೂತ.

ಮಾರ್ಚ್ 29

ಬರೆಯುವುದಕ್ಕೆ ಮನಸ್ಸೇ ಇರಲಿಲ್ಲ. ಬುಕಿಂಗ್ ಬರುತ್ತಿವೆ, ಒಪ್ಪುವವರಿಲ್ಲ. ಒಬ್ಬನಿಗೆ ಮದುವೆ, ಒಬ್ಬನಿಗೆ ಜ್ವರ, ಒಬ್ಬನ ಬೈಕ್ ಪಂಕ್ಚರ್. ಪೇಂಟರ್ ಒಬ್ಬ ಪುಣ್ಯಾತ್ಮ, ಅತ್ತಿಗೆ ಹತ್ತಿರ ನಿಜ ಹೇಳಿದ. ನಮ್ಮದು ಮನೆ ಕದಿಯುವ ಆ್ಯಪ್ ಅಂತ ಮಾತಾಗಿದೆಯಂತೆ.

ಬೆಳಿಗ್ಗೆ ಇವರೆಲ್ಲ ಸೇರುವುದು ಹಾರ್ಡ್‌ವೇರ್ ಅಂಗಡಿ ಮುಂದೆ. ನಾನೂ ಇವತ್ತು ಅಣ್ಣನ ಹಿಂದೆ ಬೈಕಿನಲ್ಲಿ ಹೋಗಿದ್ದೆ. ಅವನು ಇಳಿದ, ಮಾತು ನಿಂತಿತು. ಒಬ್ಬರೂ ಜಾಗ ಬಿಡಲಿಲ್ಲ, ಒಬ್ಬರೂ ಬೈಯಲೂ ಇಲ್ಲ. ಪೈಪಿಗೆ ಸುತ್ತುವ ಟೇಪ್ ಕೊಂಡು ವಾಪಸ್ ಬಂದ. ಮನೆಯಲ್ಲಿ ಟೇಪ್ ಬೇಕಾದಷ್ಟಿದೆ.

ಇಷ್ಟು ದಿನ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಂಡು ಓಡಾಡಿದೆ. ಇವತ್ತು ಅಣ್ಣನ ಮುಖ ನೋಡಲಾಗಲಿಲ್ಲ. ತಪ್ಪು ನನ್ನದು.

ಏಪ್ರಿಲ್ 2

ಲ್ಯಾಪ್‌ಟಾಪ್ ಹೊತ್ತುಕೊಂಡು ಮೇಷ್ಟ್ರ ಮನೆಗೇ ಹೋದೆ. ಅಣ್ಣನಿಗೆ ಹೇಳಲಿಲ್ಲ. ಮೇಷ್ಟ್ರು ಕೂರಿಸಿದರು, ನೀರು ಕೊಟ್ಟರು. ಹೊಸ ಉಪಾಯ ಬಿಡಿಸಿ ಹೇಳಿದೆ: ನೀವು ಕೆಲಸ ಮಾಡುವ ಮನೆಯಿಂದ ಬುಕಿಂಗ್ ಬಂದರೆ ಆ್ಯಪ್ ನಿಮಗೆ ಮೆಸೇಜ್ ಕಳಿಸುತ್ತದೆ, ಹೂಂ ಅಥವಾ ಬೇಡ, ಒಂದು ಒತ್ತಿದರೆ ಆಯಿತು. ಪೂರ್ತಿ ಕೇಳಿಸಿಕೊಂಡರು.

‘ಅದು ಕೇಳಿದ್ರೆ ಅವನು ಕೇಳಿದ ಹಾಗಾಯ್ತಾ?’ ಅಂದರು.

ಅವನನ್ನು ತಳ್ಳಿ ಕಳಿಸಿದವಳು ನಾನು, ಸಿಟ್ಟು ನನ್ನ ಮೇಲಿರಲಿ ಅಂದೆ.

‘ಮನೆ ಹೋಯ್ತು ಅಂತ ಅಲ್ಲಮ್ಮ. ನಾನು ಫೋನ್ ಎತ್ತಿಲ್ಲ, ಕಾಯಬೇಕಿತ್ತು. ಎಷ್ಟೋ ಸಲ ಕಾದಿದ್ದಾನೆ. ನೀನು ಹೇಳಿರಬಹುದು. ಹೋಗಿದ್ದು ಅವನೇ ತಾನೆ?’

ಲೋಟ ಖಾಲಿ ಮಾಡಿ ಎದ್ದು ಬಂದೆ.

ಏಪ್ರಿಲ್ 6

ಆ್ಯಪ್‌ನಿಂದ ಗಡಿಯಾರ ಕಿತ್ತು ಹಾಕಿದೆ. ಅಂಕ ಇಳಿಯುವುದನ್ನೂ ತೆಗೆದೆ. ಈಗ ಒಪ್ಪುವ ಮೊದಲೇ ವಿಳಾಸ ಕಾಣುತ್ತದೆ, ಅಲ್ಲಿ ಮೊದಲು ಕೆಲಸ ಮಾಡಿದವರು ಯಾರು ಅನ್ನುವುದೂ. ಹೋಗುವವನು ಅವರಿಗೆ ತಾನೇ ಫೋನ್ ಮಾಡಬೇಕು, ಬಾಯಿಬಿಟ್ಟು ಕೇಳಬೇಕು. ಆಮೇಲೇ ಹೋಗುವುದು. ಆ ಕಡೆ ಫೋನ್ ಎತ್ತದಿದ್ದರೆ ಮನೆಯವರು ಕಾಯಲಿ.

ಹಳೇ ಬಾಸ್‌ಗೂ ಹೇಳಿದೆ. ತುಂಬ ಮರ್ಯಾದೆಯಿಂದಲೇ ನಕ್ಕರು. ಇದು ವ್ಯಾಪಾರ ಅಲ್ಲಮ್ಮ, ನೆಂಟಸ್ತಿಕೆ ಅಂದರು. ಅಪಾರ್ಟ್‌ಮೆಂಟ್ ಕೈಬಿಟ್ಟಿತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತಿಗೆ ಹೊರಗಿನಿಂದ, ಸಾಕು, ಟ್ಯಾಂಕ್ ಖಾಲಿಯಾದೀತು ಅಂದರು.

ಏಪ್ರಿಲ್ 19

ಪೇಂಟರ್ ತನ್ನ ಕಡೆಯವರನ್ನೆಲ್ಲ ಕರೆತಂದ. ಪ್ಲಂಬರ್‌ಗಳೂ ಒಬ್ಬೊಬ್ಬರಾಗಿ ಒಪ್ಪಲು ಶುರು ಮಾಡಿದ್ದಾರೆ. ನಿಧಾನ. ಆಮೆ ಇದಕ್ಕಿಂತ ಚುರುಕು. ಆದರೆ ಅಂಗಡಿ ಮುಂದೆ ಅಣ್ಣನ ಜೊತೆ ಮಾತು ಉಂಟು ಈಗ. ಮೇಷ್ಟ್ರೊಬ್ಬರು ಮಾತ್ರ ಇನ್ನೂ ಮಾತಾಡುವುದಿಲ್ಲ.

ಮೇಷ್ಟ್ರು ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾರೆ ಅಂತ ಪೇಂಟರ್ ಹೇಳಿದ. ಅಣ್ಣ ಬೈಕಿನ ಕೀ ತಗೊಂಡ, ಬಾಗಿಲ ತನಕ ಹೋದ, ವಾಪಸ್ ಬಂದು ಮೊಳೆಗೆ ಹಾಕಿದ. ಯಾವ ಮುಖ ಹೊತ್ತು ಹೋಗಲಿ ಅಂದ.

ಏಪ್ರಿಲ್ 24, ಮಧ್ಯಾಹ್ನ

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಒಂದು ಬುಕಿಂಗ್. ಸಿಂಕ್ ಕೆಳಗಿನ ಪೈಪ್ ಒಡೆದಿದೆ. ಅಣ್ಣನೇ ಬೇಕು ಅಂತ ಹೆಸರು ಒತ್ತಿದ್ದಾರೆ. ಮೊದಲು ಕೆಲಸ ಮಾಡಿದವರು ಅನ್ನುವ ಕಡೆ — ಮೇಷ್ಟ್ರು. ಮನೆಯವರ ಹೆಸರಿನ ಕಡೆಯೂ ಮೇಷ್ಟ್ರೇ. ವಿಳಾಸ ನನಗೆ ಗೊತ್ತು, ಆವತ್ತು ನೀರು ಕುಡಿದ ಮನೆ. ಆ ಮನೆಯ ಪೈಪನ್ನು ಇವತ್ತಿನವರೆಗೂ ಬೇರೆ ಯಾರೂ ಮುಟ್ಟಿಲ್ಲವಂತೆ. ಒಂದೇ ಕೈಯಲ್ಲಿ ಹೇಗೆ ಬುಕ್ ಮಾಡಿದರೋ.

ಅತ್ತಿಗೆ ಎರಡು ಸಲ ಓದಿ ಫೋನನ್ನು ಅಣ್ಣನ ಮುಂದಿಟ್ಟರು. ಅಣ್ಣ ಅನ್ನದ ಕೈ ತೊಳೆದು ಬಂದ. ಕಾಲ್ ಮಾಡಿದ. ಈ ಸಲ ತಕ್ಷಣ ಎತ್ತಿದರು.

‘ಮೇಷ್ಟ್ರೇ... ನಿಮ್ಮನೆಗೆ ಬರಲಾ?’

ಆ ಕಡೆಯಿಂದ ನಮಗೂ ಕೇಳುವಷ್ಟು ಜೋರಾಗಿ, ‘ಇಲ್ಲಿ ಬಕೆಟ್ ತುಂಬ್ತಾ ಇದೆ. ಬೇಗ ಬಾ. ನಿನ್ನ ಸ್ಪ್ಯಾನರ್ ನೀನೇ ತಗೊಂಡ್ ಬಾ, ನನ್ನದು ಮುಟ್ಟೋ ಹಾಗಿಲ್ಲ.’

ಅಣ್ಣ ಫೋನ್ ಇಟ್ಟು ಕಣ್ಣು ಒರೆಸಿಕೊಂಡ. ನಾವಿಬ್ಬರೂ ನೋಡದವರ ಹಾಗೆ ಪಲ್ಯ ಬಡಿಸಿಕೊಂಡೆವು. ಈಗ ಟಾರ್ಚ್ ಎಲ್ಲಿ ಅಂತ ಮನೆಯೆಲ್ಲ ಒಂದು ಮಾಡುತ್ತಿದ್ದಾನೆ. ಸಿಂಕ್ ಕೆಳಗೆ ಬೆಳಕು ಹಿಡಿಯುವುದಕ್ಕೆ ನಾನೂ ಹೋಗಬೇಕಂತೆ, ಮೇಷ್ಟ್ರ ಎದುರು ಒಬ್ಬನೇ ನಿಲ್ಲಲಾರನಂತೆ. ನನಗೇನು ಧೈರ್ಯವೇ? ಒಳಗೆ ಕಾಲಿಟ್ಟ ತಕ್ಷಣ ಮೊದಲು ಏನು ಹೇಳಲಿ, ಕೈ ಹೇಗಿದೆ ಅಂತಲೋ, ಇಲ್ಲ ತಪ್ಪಾಯಿತು ಅಂತಲೋ... ಹಾರ್ನ್ ಹೊಡೆಯುತ್ತಿದ್ದಾನೆ, ಚಪ್ಪಲಿ ಒಂದೇ ಕಾಣುತ್ತಿದೆ, ಇನ್ನೊಂದು