ಟೋಪಿಗೆ ಉತ್ತರ ಕೊಡುವವಳು

ಹುಬ್ಬಳ್ಳಿ ಮೇಲ್ದಾಣ
ಇಸವಿ ೨೧೯೧, ಉಳಿಕೆ ತಿಂಗಳ ಮೂರನೆಯ ದಿನ

ಹಿಂದಿನ ಶತಮಾನದ ವಿಮಾನ ಚಾಲಕರ ಸಂಘದವರಿಗೆ ಕಸ್ತೂರಿ ಬಳಿಗಾರ ಮಾಡುವ ನಮಸ್ಕಾರಗಳು.

ಮೊದಲು ಈ ತಾರೀಖಿಗಾಗಿ ಕ್ಷಮೆ ಕೇಳಬೇಕು. ಉಳಿಕೆ ಎಂಬ ತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲ. ನಮ್ಮವರು ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ಕತ್ತರಿಸಿದ ಮೇಲೆ ವರ್ಷದ ಕೊನೆಗೆ ಕೆಲವು ದಿನ ಮಿಕ್ಕವು. ಯಾವ ತಿಂಗಳಿಗೂ ಸೇರದ ಆ ದಿನಗಳಿಗೆ ಉಳಿಕೆ ಎಂದು ಹೆಸರಿಟ್ಟು ಊರಿಗೆಲ್ಲ ರಜೆ ಕೊಟ್ಟರು. ನಮಗೆ ಮಾತ್ರ ಇಲ್ಲ. ರಜೆಯವರನ್ನು ಊರು ಮುಟ್ಟಿಸುವವರು ಯಾರು? ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸೀತು. ನೀವು ನನಗೆ ತಲೆಮಾರುಗಟ್ಟಲೆ ಹಿರಿಯರು ನಿಜ, ಆದರೆ ಈ ಪತ್ರ ಓದುವ ಹೊತ್ತಿಗೆ ನಿಮ್ಮಲ್ಲಿ ಬಹಳ ಮಂದಿ ನನಗಿಂತ ಚಿಕ್ಕ ವಯಸ್ಸಿನವರೇ ಇದ್ದೀರಿ. ನಡುನಡುವೆ ಗದರಿದರೆ ಬೇಜಾರು ಮಾಡಿಕೊಳ್ಳಬೇಡಿ. ದಣಿದ ಹೆಂಗಸು, ಮಾತು ಸ್ವಲ್ಪ ಒರಟು.

ನಾನು ಮೇಲ್ಬಸ್ಸಿನ ಚಾಲಕಿ. ನಿಮ್ಮ ವಿಮಾನಗಳ ಹಾಗೆ ಸಮುದ್ರ ದಾಟುವ ವೇಗ ನಮ್ಮ ಮೇಲ್ಬಸ್ಸಿಗೆ ಇಲ್ಲ. ಹುಬ್ಬಳ್ಳಿ ಬಿಟ್ಟು ಬಾಗಲಕೋಟೆ, ರಾಯಚೂರು, ಕಲಬುರಗಿ, ಬೀದರ ಅಂತ ನಿಂತು ನಿಂತು ಹೋಗುತ್ತದೆ. ಜನ ಕೋಳಿ, ಹಾಸಿಗೆ, ಮದುವೆಯ ಪಾತ್ರೆ ಎಲ್ಲವನ್ನೂ ಹತ್ತಿಸುತ್ತಾರೆ. ಇಬ್ಬರು ಚಾಲಕರು ಒಂದೇ ಅಡುಗೆ ಉಣ್ಣಬಾರದೆಂಬ ನಿಮ್ಮ ಕಾಲದ ನಿಯಮ ಇನ್ನೂ ಇದೆ, ಹೀಗಾಗಿ ಒಬ್ಬರು ಉಪ್ಪಿಟ್ಟು ತಿಂದರೆ ಇನ್ನೊಬ್ಬರಿಗೆ ಅವಲಕ್ಕಿಯೇ ಗತಿ. ಹಾರಿಸುವ ಕೆಲಸ ಬಹುಪಾಲು ಯಂತ್ರದ್ದು. ಏರುವುದು, ಇಳಿಯುವುದು, ಗಾಳಿ ಕೆಟ್ಟಾಗ ಕೈಹಾಕುವುದು ನಮ್ಮದು. ಉಳಿದ ಹೊತ್ತು ನಮ್ಮ ಕೆಲಸ ಏನು ಗೊತ್ತೇ? ಕಾಣುವುದು. ಚಾಲಕರ ಕೋಣೆಯ ಬಾಗಿಲು ನಮ್ಮಲ್ಲಿ ಗಾಜಿನದು. ಅದಕ್ಕೆ ಕಾಣುಗಾಜು ಅನ್ನುತ್ತೇವೆ. ಕರಿ ಕೋಟು, ಚಿನ್ನದ ಪಟ್ಟಿ, ಟೋಪಿ ತೊಟ್ಟ ಇಬ್ಬರು ಮನುಷ್ಯರು ಮುಂದೆ ಕೂತಿದ್ದಾರೆ ಎಂದು ಕಂಡರೆ ಜನರಿಗೆ ಧೈರ್ಯವಂತೆ. ಅದಕ್ಕಾಗಿ ಕುತ್ತಿಗೆಯ ಗುಂಡಿಯನ್ನು ಕೂಡ ಬಿಚ್ಚುವಂತಿಲ್ಲ.

ಇದು ಬಿಸಿಗಾಲದಲ್ಲಿ ಹೇಗಿರುತ್ತದೆ ಎಂದು ನೀವು ಊಹಿಸಲಾರಿರಿ. ವರ್ಷದ ಬಹುಭಾಗ ನಮಗೆ ಬಿಸಿಗಾಲವೇ. ತಂಪುಗಾಳಿಯೆಲ್ಲ ಹಿಂದೆ ಕೂತವರಿಗೆ ಹೋಗುತ್ತದೆ, ನಮಗೆ ಸಿಗುವುದು ಯಂತ್ರ ಉಸುರುವ ಗಾಳಿ. ಎರಡು ವರ್ಷದ ಹಿಂದೆ ರಾಯಚೂರಿನಲ್ಲಿ ಇಳಿಯುವಾಗ ಜುಬೇದಾ ನದಾಫ ಎಂಬ ಹುಡುಗಿಯ ಕಣ್ಣಿಗೆ ಬೆವರು ಇಳಿಯಿತು. ಆಕೆ ಟೋಪಿ ತೆಗೆದಿಟ್ಟು, ಕೋಟು ಬಿಚ್ಚಿ ಹಿಂದಕ್ಕೆಸೆದು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಹೂವಿನ ಬುಟ್ಟಿ ಇಳಿಸಿದ ಹಾಗೆ ಬಸ್ಸು ಇಳಿಸಿದಳು. ಪಕ್ಕದಲ್ಲಿ ಕೂತಿದ್ದವಳು ನಾನೇ. ಹಿಂದಿನಿಂದ ಯಾರೋ ಪುಣ್ಯಾತ್ಮ ಚಿತ್ರ ತೆಗೆದು ಕಂಪನಿಗೆ ಕಳಿಸಿದ. ಮರುದಿನವೇ ಆಕೆಯನ್ನು ಹಾರಾಟದಿಂದ ತೆಗೆದು ಸಾಮಾನಿನ ಗಾಡಿ ತಳ್ಳುವ ಕೆಲಸಕ್ಕೆ ಹಾಕಿದರು. ನಮ್ಮಲ್ಲಿ ಹಾರಾಟದಿಂದ ತೆಗೆದವರನ್ನು ಆ ಬಿಸಿಗಾಲ ಮುಗಿಯುವುದರೊಳಗೆ ಮತ್ತೆ ಹಾರಿಸದಿದ್ದರೆ ಅವರ ಲೈಸೆನ್ಸು ಬಿದ್ದುಹೋಗುತ್ತದೆ. ಮತ್ತೆ ಕೊಡುವುದು ಬಿಡುವುದು ಕಂಪನಿಯ ಮರ್ಜಿ.

ನಮ್ಮ ಸಂಘದ ಕಾರ್ಯದರ್ಶಿ ಮೌನೇಶ ಪತ್ತಾರ. ನೆಲದ ಮೇಲೆ ನಡೆದದ್ದಕ್ಕಿಂತ ಮೇಲೆ ಹಾರಿದ್ದೇ ಹೆಚ್ಚು ಎನ್ನುವಷ್ಟು ಹಳೆಯ ಚಾಲಕ. ಮುಷ್ಕರ ಹೂಡಿದರೆ ಕಾಯ್ದೆ ಅಡ್ಡ ಬರುತ್ತದೆ, ಹೀಗಾಗಿ ಅವರು ಒಂದು ಉಪಾಯ ಹುಡುಕಿದರು. ಮುಂಜಾನೆ ಮೇಲ್ಬಸ್ಸು ಬಿಡುವ ಮುಂಚೆ ಉಡುಪಿನ ತಪಾಸಣೆ ಇರುತ್ತದೆ. ನಾವೆಲ್ಲ ಸಾಲಾಗಿ ನಿಲ್ಲುತ್ತೇವೆ. ಉಡುಪು ಅಧಿಕಾರಿ ಒಂದೊಂದೇ ಹೆಸರು ಹಿಡಿದು ಕೋಟು, ಪಟ್ಟಿ, ಟೋಪಿ ಎಂದು ಓದುತ್ತಾನೆ, ಸಾಲಿನಿಂದ ಉತ್ತರ ಬರಬೇಕು. ಉತ್ತರ ಬರದೆ ತಪಾಸಣೆ ಮುಗಿಯುವುದಿಲ್ಲ, ಅದು ಮುಗಿಯದೆ ಬಸ್ಸು ಏಳುವುದಿಲ್ಲ. ಮೌನೇಶಣ್ಣ ಹೇಳಿದ್ದು ಇಷ್ಟೆ: "ಕೋಟು ಹಾಕ್ಕೊಂಡು ಬರ್ರಿ, ಟೋಪಿ ಇಟ್ಕೊಂಡು ಬರ್ರಿ. ಬಾಯಿ ಮಾತ್ರ ತಗೀಬ್ಯಾಡ್ರಿ. ಜುಬೇದಾನ್ನ ಹಾರಸೂತನಕ ಒಬ್ಬರೂ ತಗೀಬ್ಯಾಡ್ರಿ."

ಹಾಗೇ ಮಾಡಿದೆವು. ಕೆಲವು ದಿನ ಹುಬ್ಬಳ್ಳಿಯಿಂದ ಒಂದು ಬಸ್ಸೂ ಏಳಲಿಲ್ಲ. ಆಗಿನ ಉಡುಪು ಅಧಿಕಾರಿ ಬಸಲಿಂಗ ಯಲಿಗಾರ ಬೈದ, ಬೇಡಿಕೊಂಡ, ನೋಟಿಸು ಕೊಡುತ್ತೇನೆಂದ. ನಾವು ಬಾಯಿಬಿಡಲಿಲ್ಲ. ಕಂಪನಿಯವರು ಮಾತುಕತೆಗೆ ಬರುತ್ತಾರೆ ಎಂಬ ಸುದ್ದಿಯೂ ಬಂತು. ಆದರೆ ಯಲಿಗಾರ ತಾನೂ ಹಿಂದೆ ಚಾಲಕನಾಗಿದ್ದವ. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ ಅನ್ನುತ್ತಾರಲ್ಲ, ಹಾಗೆ.

ಹಾರುವ ಮುಂಚೆ ಚಾಲಕರಲ್ಲಿ ಒಬ್ಬರು ಓದುವುದು, ಇನ್ನೊಬ್ಬರು ನೋಡಿ ಉತ್ತರಿಸುವುದು ಒಂದು ಪದ್ಧತಿ. ನಾವು ಅದನ್ನು ಕೇಳು-ಹೇಳು ಅನ್ನುತ್ತೇವೆ, ನಿಮ್ಮಲ್ಲೂ ಅದು ಇದೆ ಎಂದು ಬಲ್ಲೆ. ಅದು ಎಷ್ಟು ಮೈಗೂಡುತ್ತದೆಂದರೆ ನನ್ನ ಗಂಡ ಅಡುಗೆಮನೆಯಿಂದ "ಬಾಗಿಲು?" ಅಂದರೆ ನಿದ್ದೆಯಲ್ಲೂ "ಮುಚ್ಚಿದೆ" ಅನ್ನುತ್ತೇನೆ. ಆ ಮುಂಜಾನೆ ಯಲಿಗಾರ ಯಾರ ಹೆಸರನ್ನೂ ಹಿಡಿಯಲಿಲ್ಲ. ಸುಮ್ಮನೆ ನಮ್ಮೆದುರು ನಿಂತು, ಕಣ್ಣು ಎಲ್ಲೋ ಇಟ್ಟು, ಪಕ್ಕದ ಸೀಟಿನಲ್ಲಿ ಕೂತವನ ದನಿಯಲ್ಲಿ ಶುರು ಮಾಡಿದ.

"ಬಾಗಿಲು?"

"ಮುಚ್ಚಿದೆ," ಎಂದು ಒಂದು ದನಿ ಬಂತು.

"ದೀಪ?"

"ಹತ್ತಿದೆ."

"ಕೋಟು?"

"ತೊಟ್ಟಿದೆ."

ಆ ದನಿ ಮೌನೇಶಣ್ಣನದು. ಉಪಾಯ ಹೂಡಿದವರ ಬಾಯೇ ಅವರ ಕೈಮೀರಿ ಹೋಗಿತ್ತು. ಕೋಟಿಗೆ ಉತ್ತರ ಕೊಟ್ಟ ಮೇಲೆ ಅವರಿಗೆ ಎಚ್ಚರವಾಯಿತು. ಮುಖ ಬೂದಿಯಾಯಿತು, ಕೈಯಿಂದ ಬಾಯಿ ಮುಚ್ಚಿಕೊಂಡರು. ಯಲಿಗಾರ ನಗಲಿಲ್ಲ, ಅಷ್ಟು ಮರ್ಯಾದೆ ಇಟ್ಟ. "ನಿಮ್ಮ ಕಾರ್ಯದರ್ಶಿ ಉತ್ತರಾ ಕೊಟ್ಟಾರ. ಅವರು ನಮ್ಮ ಕಡೆ ಅಂತ ಬರಕೋತೀನಿ. ಉಳದವರು ನೋಟಿಸು ತಗೋರಿ," ಎಂದ. ಸಾಲಿನಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಮಾರಿಕೊಂಡ ಮನುಷ್ಯ ಎಂಬ ಮಾತೂ ಒಂದು ಕಡೆಯಿಂದ ಕೇಳಿತು. ಇನ್ನೊಂದು ಗಳಿಗೆ ಬಿಟ್ಟರೆ ಆ ಮಾತು ಅವರಿಗೆ ಸಾಯುವ ತನಕ ಅಂಟಿಕೊಳ್ಳುತ್ತಿತ್ತು.

ಯಲಿಗಾರ ಮುಂದಿನದನ್ನು ಓದಿದ. "ಟೋಪಿ?"

ಉತ್ತರ ಸಾಲಿನಿಂದ ಬರಲಿಲ್ಲ, ಹಿಂದಿನಿಂದ ಬಂತು. "ತಲೆ ಮೇಲಿದೆ." ತಿರುಗಿ ನೋಡಿದರೆ ಜುಬೇದಾ. ಸಾಮಾನಿನ ಗಾಡಿ ಹಿಡಿದು ನಿಂತಿದ್ದಳು, ಹಮಾಲರ ಖಾಕಿ ಅಂಗಿ, ಬರಿತಲೆ. ಯಾರಿಗಾಗಿ ನಾವು ಬಾಯಿ ಮುಚ್ಚಿದ್ದೆವೋ ಆಕೆಯೇ ಬಾಯಿ ತೆಗೆದಿದ್ದಳು. ಆಮೇಲೆ ನಾನೂ "ತಲೆ ಮೇಲಿದೆ" ಅಂದೆ. ನನ್ನ ಪಕ್ಕದವರು ಅಂದರು, ಕೊನೆಗೆ ಸಾಲೆಲ್ಲ ಅಂದಿತು. ಬಸ್ಸುಗಳು ಎದ್ದವು. ನಾವು ಸೋತೆವು, ಆದರೆ ಮೌನೇಶಣ್ಣ ಒಬ್ಬರೇ ಸೋಲಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರು ತಟ್ಟೆ ಮುಟ್ಟದೆ ಕೂತಿದ್ದಾಗ ಜುಬೇದಾ ಎದುರಿಗೆ ಬಂದು ಕೂತಳು. "ಕಾಕಾ, ಉಣ್ರಿ ಮದಲ. ಇಷ್ಟ ವರ್ಷ ಉತ್ತರಾ ಕೊಟ್ಟ ನಾಲಗಿ ಅದು, ಅದರದೇನ್ ತಪ್ಪೈತಿ?" ಅವರು ಅತ್ತರು. ನಮಗೂ ಅಳು ಬಂತು, ಮುಚ್ಚಿಡುವುದೇಕೆ.

ಆ ಬಿಸಿಗಾಲ ಮುಗಿಯಿತು, ಆಕೆಯ ಲೈಸೆನ್ಸು ಬಿತ್ತು. ಅಂದಿನಿಂದ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಯಲಿಗಾರ ಆ ಮುಂಜಾನೆ ಓದಿದ ಹಾಗೇ ಈಗ ಹೆಸರು ಹಿಡಿಯದೆ ಸಾಲಿಗೆಲ್ಲ ಒಟ್ಟಿಗೆ ಓದುತ್ತಾರೆ. ಬಾಗಿಲು, ಕೋಟು, ಪಟ್ಟಿ ಎಲ್ಲದಕ್ಕೂ ಸಾಲಿನವರು ಉತ್ತರಿಸುತ್ತೇವೆ. ಟೋಪಿಯ ಸರದಿ ಬಂದಾಗ ಸುಮ್ಮನಾಗುತ್ತೇವೆ. ಹಿಂದಿನಿಂದ ಜುಬೇದಾ "ತಲೆ ಮೇಲಿದೆ" ಅನ್ನುತ್ತಾಳೆ, ಆಮೇಲೆ ಗಾಡಿ ತಳ್ಳಿಕೊಂಡು ಹೋಗುತ್ತಾಳೆ. ಯಲಿಗಾರ ನಿವೃತ್ತನಾದ. ಈಗಿನ ಉಡುಪು ಅಧಿಕಾರಿ ಚಿಕ್ಕ ವಯಸ್ಸಿನವನು, ಇದೂ ಕಂಪನಿಯ ನಿಯಮವೇ ಎಂದುಕೊಂಡಿದ್ದಾನೆ.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಆ ಕಾಣುಗಾಜನ್ನು ಮೊದಲು ಒಪ್ಪಿಕೊಂಡವರು ನಿಮ್ಮ ಮೊಮ್ಮಕ್ಕಳ ಸಂಘದವರು. ಅದಕ್ಕೂ ಮುಂಚೆ, ಟೋಪಿ ಇರಲಿ ಬಿಡಿ, ಗುಂಡಿ ಇರಲಿ ಬಿಡಿ, ದೊಡ್ಡ ವಿಷಯಕ್ಕೆ ಜಗಳಾಡೋಣ ಎಂದು ಯಾರೋ ಅಂದಿರಬೇಕು. ನಿಮ್ಮನ್ನು ಬೈಯುತ್ತಿಲ್ಲ, ನಾವೂ ಹಾಗೇ ಅನ್ನುತ್ತಿದ್ದೆವು. ಒಂದೇ ಬೇಡಿಕೆ. ಕಂಪನಿಯವರು ನಗುನಗುತ್ತಾ ಚಹಾ ಕೊಟ್ಟು, ಬಾಗಿಲಿಗೊಂದು ಗಾಜು ಹಾಕೋಣ, ಜನ ನಿಮ್ಮನ್ನು ನೋಡಿ ಖುಷಿಪಡಲಿ ಎಂದ ದಿನ, ಚಹಾ ಕುಡಿದು, ಬೇಡ ಎಂದು ಹೇಳಿ ಎದ್ದು ಬನ್ನಿ, ಮೊಮ್ಮಕ್ಕಳಿಗೂ ಅದನ್ನೇ ಕಲಿಸಿ. ಆಗ ಈ ಪತ್ರ ಬರೆಯುವ ಪ್ರಸಂಗವೇ ಇರುವುದಿಲ್ಲ. ಜುಬೇದಾ ತೋಳು ಮಡಚಿಕೊಂಡು ರಾಯಚೂರಿನಲ್ಲಿ ಬಸ್ಸು ಇಳಿಸುತ್ತಿರುತ್ತಾಳೆ.

ನಿನ್ನೆ ಇಲ್ಲಿಗೆ ಮುಗಿಸಿ ಸಹಿ ಹಾಕಬೇಕೆಂದಿದ್ದೆ, ಕಣ್ಣೆಳೆದು ಹಾಗೇ ಬಿಟ್ಟೆ. ಒಳ್ಳೆಯದೇ ಆಯಿತು, ಇವತ್ತಿನದೂ ಸೇರಿಸುತ್ತೇನೆ.

ಈ ಮುಂಜಾನೆ ಅಧಿಕಾರಿ "ಟೋಪಿ?" ಎಂದು ಓದಿದ. ಹಿಂದಿನಿಂದ ದನಿ ಬರಲಿಲ್ಲ. ಜುಬೇದಾಗೆ ಜ್ವರವಂತೆ, ಕೆಲಸಕ್ಕೆ ಬಂದಿರಲಿಲ್ಲ. ಹುಡುಗ ಮತ್ತೊಮ್ಮೆ ಓದಿದ. ನಾವು ಕಾದೆವು. ಯಾರೂ ಯಾರ ಜೊತೆಗೂ ಮಾತಾಡಿಕೊಂಡಿರಲಿಲ್ಲ, ಯಾರಿಗೂ ಹಟವಿರಲಿಲ್ಲ. ಆ ಉತ್ತರ ನಮ್ಮದಲ್ಲ, ಅಷ್ಟೇ. ಹೊತ್ತೇರಿತು. ಜನ ಕೋಳಿಬುಟ್ಟಿ ಹಿಡಿದು ಮೇಲ್ದಾಣದ ಗಾಜಿನ ಗೋಡೆಯಾಚೆ ಜಮಾಯಿಸಿದರು. ಹುಡುಗ ಬೆವೆತುಹೋಗಿ, "ಏನಾರ ಹೇಳ್ರಿ ಯಪ್ಪಾ, ಏನ್ ಬೇಕ್ರಿ ನಿಮಗ?" ಎಂದ. ಮೌನೇಶಣ್ಣನೇ ಹೇಳಿದರು: "ನಮ್ಮನ್ನ ಕೇಳಬ್ಯಾಡ್ರಿ. ಆಕಿನ್ನ ಕೇಳ್ರಿ."

ಹುಡುಗ ಅಲ್ಲೇ ಆಕೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ದನಿ ಏರಿಸಿ, ನಡೆದದ್ದನ್ನು ಹೇಳಿದ. ಸಾಲು ನಿಂತಿದೆ, ಬಸ್ಸು ನಿಂತಿದೆ ಎಂಬುದು ಆಕೆಗೆ ಅರ್ಥವಾಯಿತು. ಜ್ವರಕ್ಕೆ ಒಡೆದ ದನಿಯಲ್ಲಿ ಅಂದಳು: "ಇವತ್ತಿಂದು ತಗೋರಿ ಸಾಹೇಬ್ರ, ಮಂದಿ ಕಾಯಾಕತ್ತಾರ. ತಲೆ ಮೇಲಿದೆ. ಆದರ ನಿಮ್ಮ ದೊಡ್ಡವರಿಗೆ ಒಂದ್ ಮಾತು ಮುಟ್ಟಸ್ರಿ. ನಾಳೆನೂ ನನಗ ಜ್ವರಾ ಬರೂ ಹಂಗ ಅದಾವು, ಫೋನ್ ಎತ್ತಾಕ ಆಗೂದಿಲ್ಲ. ನನ್ನ ಲೈಸೆನ್ಸು ಕೈಗೆ ಬಂದ ದಿನಾನ ಅವು ಇಳೀತಾವು."

ಮೌನೇಶಣ್ಣ ಟೋಪಿ ಸರಿಮಾಡಿಕೊಂಡರು. ನಾವು ಬಸ್ಸು ಹತ್ತಿದೆವು.

ಬೀದರ ಮುಟ್ಟಿ ಮರಳಿ ಬಂದು ಇದನ್ನು ಬರೆಯುತ್ತಿದ್ದೇನೆ. ಕಾಲು ಊದಿವೆ, ಬೆನ್ನು ಮಾತು ಕೇಳುವುದಿಲ್ಲ. ನಾಳೆ ಏನಾಗುತ್ತದೋ ತಿಳಿಯದು. ಈ ಸಲವೂ ಸೋಲಬಹುದು. ಕೋಟಿಗೆ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದೇನೆ, ಕುತ್ತಿಗೆಯ ಗುಂಡಿ ಸಡಿಲಾಗಿತ್ತು, ಹೊಲಿದು ಬಿಗಿ ಮಾಡಿದ್ದೇನೆ. ನಾಳೆ ಬಹಳ ಹೊತ್ತು ನಿಲ್ಲಬೇಕು.

ನಿಮ್ಮವಳೇ ಆದ
ಕಸ್ತೂರಿ ಬಳಿಗಾರ