ವಿಚಲನೆ ಎಂದರೆ ಅಲುಗಾಡುವುದಲ್ಲ

ದಂತ ಚಿಕಿತ್ಸೆಯ ದೂರು ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನನ್ನ ಅಕ್ಕ ಜಲಜಳ ಕೆಳತುಟಿ ಏಳು ತಿಂಗಳಿಂದ ಮರಗಟ್ಟಿದೆ. ತಮ್ಮ ಸಮಿತಿ ಅದಕ್ಕೆ ‘ಅಂಗೀಕೃತ ವಿಚಲನೆ’ ಎಂದು ಹೆಸರಿಟ್ಟು ಕಡತ ಮುಚ್ಚಿದೆ. ಹೆಸರೇನೋ ಚೆನ್ನಾಗಿದೆ. ಅಂಗೀಕರಿಸಿದವರು ಯಾರು ಎಂದು ಕೇಳಲು ಈ ಪತ್ರ.

2015ರ ಫೆಬ್ರವರಿಯಲ್ಲಿ ಕುಂದಾಪುರದ ಒಂದು ಚಿಕಿತ್ಸಾಲಯದಲ್ಲಿ ಅಕ್ಕನ ಕೆಳದವಡೆಗೆ ಕೃತಕ ಹಲ್ಲು ಕೂರಿಸುವುದೆಂದಾಯಿತು. ದವಡೆಯ ಸ್ಕ್ಯಾನ್ ತೆಗೆದು, ಹಲ್ಲನ್ನು ಹಿಡಿದಿಡುವ ಸ್ಕ್ರೂ ಎಲ್ಲಿ, ಎಷ್ಟು ಆಳಕ್ಕೆ ಇಳಿಯಬೇಕೆಂದು ಕಂಪ್ಯೂಟರಿನಲ್ಲೇ ಗುರುತಿಸುತ್ತಾರೆ. ಅದರಂತೆ ತಯಾರಾದ ಪ್ಲಾಸ್ಟಿಕ್ ಅಚ್ಚನ್ನು ಬಾಯಲ್ಲಿ ಕೂರಿಸಿ, ಅಚ್ಚಿನ ತೂತಿನ ಮೂಲಕವೇ ಕೊರೆಯುತ್ತಾರೆ. ಕೈ ತಪ್ಪಬಹುದು, ಕಂಪ್ಯೂಟರ್ ತಪ್ಪದು ಎಂದರು ವೈದ್ಯರು. ಆಮೇಲೆ ಒಪ್ಪಿಗೆ ಪತ್ರ ಬಂತು: “ಚಿಕಿತ್ಸೆಯ ವೇಳೆ ಅಲ್ಪ ವಿಚಲನೆ ಸಂಭವನೀಯ, ತತ್ಪರಿಣಾಮಗಳಿಗೆ ರೋಗಿಯ ಸಮ್ಮತಿಯಿದೆ.”

“ನಿಂಗೆ ಓದೂಕ್ ಬತ್ತಲ್ದಾ ಮಾರಾಯ, ಎಂತ ಬರ್ದಿರ್ ಕಾಣ್” ಎಂದಳು ಅಕ್ಕ.

ಯಾವುದರ ವಿಚಲನೆ? ಆ ವಾಕ್ಯಕ್ಕೆ ಕರ್ತೃವೇ ಇರಲಿಲ್ಲ. ನನಗೆ ಅನುವಾದಿತ ಕಾದಂಬರಿಗಳನ್ನು ಓದುವ ಅಭ್ಯಾಸ. ತೊಡಕಿನ ಪದ ಬಂದರೆ ನಿಘಂಟು ತೆರೆಯದೆ ಸಂದರ್ಭದಿಂದ ಅರ್ಥ ಊಹಿಸುತ್ತೇನೆ. ಅಲ್ಲೂ ಊಹಿಸಿದೆ. “ನೀನ್ ಅಲ್ಲಾಡಿರೆ ಹೆಚ್ಚುಕಮ್ಮಿ ಆತ್ತ್ ಅಂದೇಳಿ. ಅಲ್ಲಾಡೂಕಾಗ, ಅಷ್ಟೇ” ಎಂದೆ. ಅಕ್ಕ ಸಹಿ ಹಾಕಿದಳು. ಸಾಕ್ಷಿಯ ಸಹಿ ನನ್ನದು.

ಕೊರೆಯುವಾಗ ಅವಳ ಗಲ್ಲದವರೆಗೆ ಒಮ್ಮೆ ಮಿಂಚು ಹೊಡೆದಂತಾಯಿತಂತೆ. ಅವಳು ಕೈ ಎತ್ತಲಿಲ್ಲ, ಮುಲುಗಲಿಲ್ಲ. ಇಂಜೆಕ್ಷನ್ನಿನ ಜೋಮು ಇಳಿದೀತೆಂದು ನಾಲ್ಕು ದಿನ ಕಾದಳು. ಐದನೆಯ ದಿನ ಮತ್ತೆ ಸ್ಕ್ಯಾನ್ ಮಾಡಿದಾಗ ಸ್ಕ್ರೂ ಗುರುತಿಗಿಂತ 1.8 ಮಿಲಿಮೀಟರ್ ಆಳಕ್ಕಿಳಿದು ತುಟಿಯ ನರವನ್ನು ಒತ್ತಿತ್ತು. ವೈದ್ಯರು ಅದನ್ನು ತೆಗೆದರು, ತುಟಿ ಮರಳಲಿಲ್ಲ. ಆವತ್ತೇ ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ.

“ನೀನೇ ಅಲ್ದಾ ಹೇಳ್ದದ್ದ್, ಅಲ್ಲಾಡೂಕಾಗ ಅಂದೇಳಿ? ಕಲ್ಲಿನ ಹಾಂಗ್ ಇದ್ದೆ.”

ತಮ್ಮ ಉತ್ತರದ ಪ್ರಕಾರ ವಿಚಲನೆ ಎಂದರೆ ಸ್ಕ್ರೂ ಗುರುತು ತಪ್ಪುವುದು; ಈ ವಿಧಾನದಲ್ಲಿ ಸರಾಸರಿ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸ ಸಹಜ, ಆದ್ದರಿಂದ 1.8 ಅಸಹಜವಲ್ಲ. ಮಾನ್ಯರೇ, ಅಕ್ಕನ ಮನೆ ಕಡಲತಡಿಯ ಕೋಡಿ ಊರಿನಲ್ಲಿದೆ. ಹೊಳೆ ಕಡಲು ಸೇರುವ ಅಲ್ಲಿನ ಅಳಿವೆಯಲ್ಲಿ ಸರಾಸರಿ ಆಳ ನೋಡಿ ಯಾರಾದರೂ ದೋಣಿ ನುಗ್ಗಿಸುತ್ತಾರೆಯೇ? ದೋಣಿ ಒಡೆಯುವುದು ಮರಳ ದಿಬ್ಬ ಇರುವ ಒಂದು ಕಡೆಯಲ್ಲಿ, ಸರಾಸರಿಯಲ್ಲಿ ಅಲ್ಲ. ನರಕ್ಕೂ ಸ್ಕ್ರೂವಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದರು? ಅಚ್ಚು ಸರಿಯಾಗಿ ಕೂತಿದೆಯೇ ಎಂದು ಯಾರು ನೋಡಿದರು? ನಾಲ್ಕು ಪುಟದ ಉತ್ತರದಲ್ಲಿ ಇವೆರಡಕ್ಕೆ ಎರಡು ಸಾಲು ಬರೆಯಲು ಜಾಗವಾಗಲಿಲ್ಲವೇ?

ಅಕ್ಕ ಮೀನು ಮಾರುವವಳು. ಬೈಗೆ ಮೀನಿನ ಕೂದಲೆಳೆಯಂಥ ಮುಳ್ಳನ್ನು ತುಟಿಯಲ್ಲೇ ಕಂಡುಹಿಡಿದು, ಮಾತು ನಿಲ್ಲಿಸದೆ ತಟ್ಟೆಯಂಚಿಗೆ ಸರಿಸುತ್ತಿದ್ದಳು. ಆ ನಿಖರತೆಗೆ ಸ್ಕ್ಯಾನ್ ಬೇಕಿರಲಿಲ್ಲ. ಈಗ ಎರಡು ಸಲ ಮುಳ್ಳು ಗಂಟಲಲ್ಲಿ ಸಿಕ್ಕಿದೆ. ಭಾನುವಾರಗಳಂದು ನಾನೇ ಮೀನು ಬಿಡಿಸಿ ಕೊಡುತ್ತೇನೆ. ಕಳೆದ ವಾರ ತಟ್ಟೆಯನ್ನು ನನ್ನತ್ತ ತಳ್ಳಿ ಹೇಳಿದಳು: “ನೀನ್ ಬಿಡ್ಸಿದ್ರಗೂ ಎರಡ್ ಮುಳ್ಳ್ ಇತ್ತ್. ಸರಾಸರಿ ಲೆಕ್ಕದಗೆ ಅಡ್ಡಿಲ್ಲ್ಯಾ?”

ವಿಚಲನೆ ಚಿಕಿತ್ಸಾಲಯದ್ದೂ ಇದೆ, ನನ್ನದೂ ಇದೆ, ಮಾನ್ಯರೇ, ನನ್ನದನ್ನು ಒಪ್ಪಿಕೊಂಡಿದ್ದೇನೆ. ತಾವು ಕಡತವನ್ನು ಮತ್ತೆ ತೆರೆಯಬೇಕು. ಆ ವಾಕ್ಯವನ್ನು ಒಪ್ಪಿಗೆ ಪತ್ರದಿಂದ ತೆಗೆಸಿ, ಅದರ ಜಾಗದಲ್ಲಿ ಹೀಗೆ ಬರೆಸಬೇಕು: “ಸ್ಕ್ರೂ ಗುರುತು ತಪ್ಪಬಹುದು. ಅತಿ ಹೆಚ್ಚೆಂದರೆ ಇಷ್ಟು ತಪ್ಪಬಹುದು. ಮಿಂಚು ಹೊಡೆದಂತಾದರೆ ತಕ್ಷಣ ಕೈ ಎತ್ತಿ.”

ಕೊನೆಯ ವಾಕ್ಯವನ್ನಾದರೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಅದಕ್ಕೆ ಅರ್ಥ ಹೇಳಲು ತಮ್ಮನೊಬ್ಬ ಬೇಕಾಗುವುದಿಲ್ಲ.

ಇಂತಿ,
ಕೈ ಎತ್ತಬೇಡ ಎಂದು ಅಕ್ಕನಿಗೆ ಹೇಳಿಕೊಟ್ಟ ಸಾಕ್ಷಿದಾರ,
ಪ್ರೇಮಾನಂದ
ಬಸ್ರೂರು