ಪಟ್ಟಿಯಲ್ಲಿ ಉಳಿದ ಹೆಸರು

ಕಿಲ್ಕೊರನ್, ಲೀಟ್ರಿಮ್ ಕೌಂಟಿ
ಶುಕ್ರವಾರ, 12 ಜನವರಿ 1990

ಪ್ರೀತಿಯ ತಮ್ಮ ಫಿಂಟನ್,

ಹೇಗಿದ್ದೀಯ? ಕ್ರಿಸ್‌ಮಸ್ಸಿಗೆ ಲಂಡನ್ನಿನಿಂದ ಬಂದಿದ್ದ ನೆರೆಮನೆಯ ಎಂಡಾ ನಿನ್ನ ಹೊಸ ವಿಳಾಸ ಕೊಟ್ಟ. ಕಟ್ಟಡದ ಕೆಲಸದಿಂದ ನಿನಗೆ ಬೆನ್ನುನೋವಂತೆ, ಫುಟ್‌ಬಾಲಿನ ಮಾತೆತ್ತಿದರೆ ಎದ್ದು ಹೋಗುತ್ತೀಯಂತೆ. ಬೆನ್ನಿಗೆ ಶಾಖ ಕೊಟ್ಟುಕೋ, ಉದಾಸೀನ ಮಾಡಬೇಡ. ಅಪ್ಪ ತೀರಿಕೊಂಡಾಗ ಹಳೆಯ ವಿಳಾಸಕ್ಕೆ ತಂತಿ ಕಳಿಸಿದ್ದೆ. ಅದು ನಿನಗೆ ಸಿಗಲಿಲ್ಲವೆಂದು ಎಂಡಾ ಹೇಳಿದ ಮೇಲೆಯೇ ತಿಳಿದದ್ದು. ಎರಡು ತಿಂಗಳು ನಿನ್ನನ್ನು ಸುಮ್ಮನೆ ಬೈದುಕೊಂಡೆ.

ಭಾನುವಾರ ನಮ್ಮ ಗೇಲಿಕ್ ಫುಟ್‌ಬಾಲ್ ಕ್ಲಬ್ಬಿನ ಕೊನೆಯ ಸಭೆ. ಅಂದಿನಿಂದ ನಾವು ಪಕ್ಕದೂರು ಡ್ರಮ್‌ರೀನ್‌ನವರ ಕ್ಲಬ್ಬಿಗೆ ಸೇರಿಬಿಡುತ್ತೇವೆ. ಹೌದು, ಆ ಡ್ರಮ್‌ರೀನ್‌ಗೇ. ಅಪ್ಪನ ಶವಪೆಟ್ಟಿಗೆಯ ಮೇಲೆ ಕ್ಲಬ್ಬಿನ ಹಸಿರು ಅಂಗಿ ಹೊದಿಸಿದೆವು, ಆದರೆ ಹೊರಲು ನಮ್ಮ ಊರಿನಲ್ಲಿ ಆರು ಗಟ್ಟಿ ಹೆಗಲು ಸಿಗಲಿಲ್ಲ. ಮೂವರು ಡ್ರಮ್‌ರೀನ್‌ನಿಂದ ಬಂದರು. ಮೂವತ್ತು ವರ್ಷ ಅಪ್ಪನಿಂದ ಬೈಸಿಕೊಂಡವರೇ ಹೆಗಲು ಕೊಟ್ಟರು. ಆ ದಿನವೇ ನನಗೆ ಕ್ಲಬ್ಬು ಮುಗಿಯಿತೆಂದು ಗೊತ್ತಾಯಿತು.

ಎಂಬತ್ತರಲ್ಲಿ ನಾವು ಕಪ್ ಗೆದ್ದ ಸಂಜೆ ನೆನಪಿದೆಯೇ? ನಾಲ್ಕು ದಾರಿ ಸೇರುವಲ್ಲಿ ಸಂಭ್ರಮಕ್ಕೆ ಬೆಂಕಿ ಹಾಕಿದ್ದರು, ನೀನು ಆರನೇ ನಂಬರಿನ ಅಂಗಿಯಲ್ಲೇ ಟ್ರ್ಯಾಕ್ಟರಿನ ಮೇಲೆ ನಿಂತಿದ್ದೆ. ಆಗ ಇಪ್ಪತ್ತಾರು ಆಟಗಾರರು. ಬೆಂಚಿನಲ್ಲಿ ಜಾಗ ಸಾಲದೆ ಜಗಳ. ಎಂಬತ್ತೆರಡರಲ್ಲಿ ಹೊಲಿಗೆ ಕಾರ್ಖಾನೆ ಮುಚ್ಚಿತು. ಆಮೇಲೆ ಪ್ರತಿ ತಿಂಗಳೂ ಒಬ್ಬಿಬ್ಬರು ಬಸ್ಸು ಹತ್ತಿದರು. ಎಂಬತ್ತಮೂರರಲ್ಲಿ ನೀನು. ಎಂಬತ್ತಾರರ ಹೊತ್ತಿಗೆ ಶಾಲೆಯಲ್ಲಿ ಹನ್ನೊಂದು ಮಕ್ಕಳು, ಕಿರಿಯರ ತಂಡ ನಿಂತೇಹೋಯಿತು. ನಾನು ಮಾತ್ರ ಪ್ರತಿ ಸೋಮವಾರ ಅಂಗಿಗಳನ್ನು ಒಗೆದು ಬೇಲಿಯ ಮೇಲೆ ಹರವುತ್ತಿದ್ದೆ. ಯಾರೂ ತೊಡದ ಆರನೇ ನಂಬರನ್ನೂ ಒಗೆಯಬೇಕಿತ್ತು, ಇಲ್ಲದಿದ್ದರೆ ಅಪ್ಪ ಊಟಕ್ಕೆ ಕೂರುತ್ತಿರಲಿಲ್ಲ.

ಕಾರ್ಯದರ್ಶಿಯಾಗಿ ಅಪ್ಪ ಪ್ರತಿ ಪಂದ್ಯಕ್ಕೂ ರೆಫರಿಗೆ ಕೊಡುವ ಪಟ್ಟಿ ಬರೆಯುತ್ತಿದ್ದನಲ್ಲ, ಅದರಲ್ಲಿ ಆರನೆಯ ಸಾಲಿನಲ್ಲಿ ನಿನ್ನ ಹೆಸರನ್ನು ಬಿಡಲೇ ಇಲ್ಲ. "ಅವನು ಲಂಡನ್‌ನಲ್ಲಿದ್ದಾನಪ್ಪಾ" ಅಂದರೆ, "ದೋಣಿ ಹತ್ಕೊಂಡು ಬಂದ್ರೂ ಬರ್ಬಹುದು ಕಣೇ, ಹೆಸರಿರ್ಲಿ" ಅನ್ನುತ್ತಿದ್ದ. ಹದಿಮೂರು ಜನರೊಂದಿಗೆ ಮೈದಾನಕ್ಕಿಳಿದ ದಿನ ಡ್ರಮ್‌ರೀನ್‌ನವನೊಬ್ಬ ಗೋಡೆಯ ಮೇಲಿಂದ ಕೂಗಿದ್ದ, "ಏನ್ರೋ, ಹದಿನೈದು ಜನ ಸಿಗ್ಲಿಲ್ವಾ? ಎರಡು ಕುರಿಗೆ ಅಂಗಿ ತೊಡ್ಸಿ, ಹೋದ್ವಾರಕ್ಕಿಂತ ಚೆನ್ನಾಗಿ ಆಡ್ತವೆ!" ಎಲ್ಲರೂ ನಕ್ಕರು. ಅಪ್ಪ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಕಳೆದ ಬೇಸಿಗೆಯಲ್ಲಿ ಒಂಬತ್ತೇ ಜನ ಬಂದರು. ಆಡದೆಯೇ ಸೋಲು ಒಪ್ಪಿಕೊಂಡೆವು. ಮನೆಗೆ ಬಂದ ಅಪ್ಪ ಬೂಟು ಬಿಚ್ಚದೆ ಕತ್ತಲಾಗುವವರೆಗೂ ಕೂತಿದ್ದ.

ಎಂಬತ್ನಾಲ್ಕರ ನಂತರ ನಿನ್ನ ಕಾಗದ ನಿಂತುಹೋಯಿತು. ಏಕೆಂದು ಕೇಳಿದರೆ ಅಪ್ಪ ಬಾಗಿಲ ಕಡೆ ನೋಡುತ್ತಿದ್ದ. ಅಂಚೆಯವನು ಬರುವ ಹೊತ್ತಿಗೆ ಗೇಟಿನ ಬಳಿ ಅಪ್ಪನಿಗೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ನೀನು ನಮ್ಮನ್ನು ಮರೆತೆ ಎಂದುಕೊಂಡೆ, ಊರವರಿಗೂ ಹಾಗೇ ಹೇಳಿದೆ.

ಅಪ್ಪ ಹೋದ ಮೇಲೆ ಕ್ಲಬ್ಬಿನ ಅಧ್ಯಕ್ಷ ಮಲಾಕಿ ಬಂದು, "ಬರೆಯೋರು ಯಾರೂ ಉಳಿದಿಲ್ಲ ಕಣಮ್ಮ, ಮುಚ್ಚೋವರ್ಗೂ ನೀನೇ ಕಾರ್ಯದರ್ಶಿ" ಎಂದ. ಹೀಗೆ ಕ್ಲಬ್ಬಿನ ಕೊನೆಯ ಕಾರ್ಯದರ್ಶಿ ನಾನೇ. ಅಂಗಿ ಒಗೆಯುವವಳಿಗೆ ಇಷ್ಟು ದೊಡ್ಡ ಪದವಿ ನೋಡು.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಕ್ಕ,
ಅಟ್ರಾಕ್ಟಾ

ಮರೆತೆ: ಅಂಚೆಯವನು ಗೇಟಿನಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಭೆಗೆಂದು ಅಪ್ಪನ ಡ್ರಾಯರ್ ಖಾಲಿ ಮಾಡುವಾಗ ಇದು ಸಿಕ್ಕಿತು. ಲಂಡನ್ನಿನ ತಂಡದಲ್ಲಿ ಆಡಲು ನಮ್ಮ ಕ್ಲಬ್ಬಿನ ಕಾರ್ಯದರ್ಶಿಯ ಸಹಿ ಬೇಕೆಂದು ಎಂಬತ್ನಾಲ್ಕರಲ್ಲಿ ನೀನು ಕಳಿಸಿದ ವರ್ಗಾವಣೆ ಪತ್ರ, ಜೊತೆಗೆ "ಅಪ್ಪಾ, ಸಹಿ ಹಾಕ್ಕೊಡು, ಇಲ್ಲಿ ಕಾಯ್ತಿದ್ದಾರೆ" ಎಂಬ ನಿನ್ನ ಚೀಟಿ. ಅದರ ಕೆಳಗೆ ಇನ್ನೂ ಎರಡು ಚೀಟಿ. ಒಂದನ್ನೂ ನನಗೆ ತೋರಿಸಿರಲಿಲ್ಲ. ಅಪ್ಪ ನಿನ್ನ ಹೆಸರು, ಹುಟ್ಟಿದ ದಿನ, ಊರು ಎಲ್ಲವನ್ನೂ ದುಂಡಗೆ ತುಂಬಿದ್ದ. ಸಹಿಯ ಜಾಗದಲ್ಲಿ ಪೆನ್ನು ಊರಿದ ಒಂದು ಚುಕ್ಕೆ ಮಾತ್ರ ಇತ್ತು. ಆ ಪತ್ರ ಈ ಲಕೋಟೆಯೊಳಗಿದೆ. ಭಾನುವಾರದ ನಂತರ ನನ್ನ ಸಹಿ ನಡೆಯುವುದಿಲ್ಲ, ಅದಕ್ಕೇ ಇವತ್ತೇ ಹಾಕಿದ್ದೇನೆ.